ಸಹಾಯ ಬೇಕು: ಮತ್ತೆ ಓದೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು, ವಯಸ್ಸು 47. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಿಂದ ಓದೋ ಹುಚ್ಚು. ಈಗ ಒಂದು ಪುಟ ದಾಟುತ್ತಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದಿದರೂ, ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತು ಅನ್ನೋದೇ ಮರೆತಿರುತ್ತದೆ. ಗುರುತಿಗೆ ಇಟ್ಟ ಬಸ್ ಟಿಕೆಟ್ ಯುಗಾದಿಯಿಂದ ಅದೇ ಪುಟದಲ್ಲಿದೆ.

ಚಾಳೀಸು ಬಂತೇನೋ ಅಂತ ಕನ್ನಡಕ ಮಾಡಿಸಿದೆ. ಅಕ್ಷರ ಚೆನ್ನಾಗಿ ಕಂಡಿತು, ಮನಸ್ಸು ಮಾತ್ರ ನಿಲ್ಲಲಿಲ್ಲ. ನಿದ್ದೆಯೂ ಹೋದಾಗ ಮನೋವೈದ್ಯರ ಹತ್ತಿರ ಹೋದೆ. ಖಿನ್ನತೆ ಅಂದರು. ಗಮನ ನಿಲ್ಲದಿರೋದೂ ಅದರ ಲಕ್ಷಣವೇ ಅಂತ ಗೊತ್ತಾದಾಗ ಎಷ್ಟೋ ನಿರಾಳ ಆಯಿತು. ಮಾತ್ರೆ ನಡೆದಿದೆ, ನಿದ್ದೆ ಈಗ ಪರವಾಗಿಲ್ಲ. ಓದು ಮಾತ್ರ ಇನ್ನೂ ಬಂದಿಲ್ಲ.

ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ, ನಿಮಗೆ ಓದು ಹೇಗೆ ಮರಳಿತು? ಮೂರ್ನಾಲ್ಕು ಪುಟಕ್ಕೆ ಮುಗಿಯುವ ಬರಹಗಳಿರೋ, ದೊಡ್ಡ ಅಕ್ಷರದ ಕನ್ನಡ ಪುಸ್ತಕ ಯಾವುವಿವೆ? ಸಾವು-ನೋವಿನ ಕಥೆ ಸದ್ಯಕ್ಕೆ ಬೇಡ. ಗಂಗಾವತಿ, ಕೊಪ್ಪಳ ಕಡೆಯವರು ಯಾರಾದರೂ ಭಾನುವಾರ ಜೊತೆಗೆ ಕೂತು ಗಟ್ಟಿಯಾಗಿ ಓದೋಕೆ ಸಿಗುತ್ತೀರಾ? ಬೇರೆಯವರು ಓದಿದ್ದು ಕೇಳಿದರೆ ನನಗೆ ತಲೆಗೆ ಹತ್ತುತ್ತದೆ.

ನನ್ನ ಹಾಗೇ ಒಳಗೊಳಗೇ ಒದ್ದಾಡುವವರು ಇದ್ದರೆ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.