ತೆಳ್ಳಗಿದ್ದೂ ಮೈತುಂಬ ಕೊಬ್ಬು: ಡಾ. ಯಾಜ್ಞಿಕ್ ಹೇಳಿದ್ದು ಸರಿಯಾ?

ಕಡ್ಡಿಪೈಲ್ವಾನ್:
ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಸಂಶೋಧನೆ ಬಗ್ಗೆ ಇಲ್ಲಿ ಯಾರೂ ಬರೆದಂತಿಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೊ ಬಂತು. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ) ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನಮ್ಮವರ ಈ ಹೆಚ್ಚು ಕೊಬ್ಬು ಹುಟ್ಟಿನಿಂದಲೇ ಬರುತ್ತದೆ, ಮುಂದೆ ಸಕ್ಕರೆ ಕಾಯಿಲೆಗೂ ದಾರಿ ಮಾಡುತ್ತದೆ ಅನ್ನೋದು ಯಾಜ್ಞಿಕ್ ವಾದ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ 2.7 ಕೆ.ಜಿ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5. ನಮ್ಮ ಕೂಸುಗಳಿಗೆ ಸ್ನಾಯು ಕಡಿಮೆ, ಹೊಟ್ಟೆಯೂ ಚಿಕ್ಕದು. ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಅಷ್ಟು ಕೊರತೆ ಇಲ್ಲ. ಹಾಗಾಗಿ ಬಿಎಂಐ ನೋಡಿಕೊಂಡು ನೆಮ್ಮದಿಯಾಗಿರುವವರು ದಡ್ಡರು ಅಂತ ನನ್ನ ಅಭಿಪ್ರಾಯ.

ಮರುಪರೀಕ್ಷೆ:
"ದಡ್ಡರು" ಅನ್ನುವ ಮೊದಲು ಸ್ವಲ್ಪ ನಿಧಾನ. ಅದೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಿಗೆ 23 ಮತ್ತು 27.5 ಅಂತ ಬೇರೆ ಗೆರೆ ಸೇರಿಸಿದರು. 2009ರಲ್ಲಿ ನಮ್ಮ ವೈದ್ಯರು 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂದರು. ಅಂದರೆ ಅಳತೆಯನ್ನು ಯಾರೂ ಬಿಸಾಡಲಿಲ್ಲ, ಗೆರೆ ಕೆಳಗಿಳಿಸಿದರು ಅಷ್ಟೇ. ಇಬ್ಬರು ಡಾಕ್ಟರುಗಳ ಫೋಟೊ ಇಟ್ಟುಕೊಂಡು ನೂರು ಕೋಟಿ ಜನರ ಬಗ್ಗೆ ಮಾತಾಡೋದು ವಿಜ್ಞಾನ ಅಲ್ಲ.

ಗಂಡಭೇರುಂಡ77:
ಯುಡ್ಕಿನ್ ಅಂದರೆ ಸಕ್ಕರೆ ವಿರುದ್ಧ ಜೀವನಪೂರ್ತಿ ಹೋರಾಡಿದವರು ಅಲ್ವಾ? ಹಾಗಾದರೆ ಮಾತು ಮುಗೀತು. ಎಲ್ಲದಕ್ಕೂ ಸಕ್ಕರೆಯೇ ಕಾರಣ.

ಮರುಪರೀಕ್ಷೆ:
ಸಕ್ಕರೆಯ ಯುಡ್ಕಿನ್ 1995ರಲ್ಲೇ ತೀರಿಕೊಂಡರು. 2004ರ ಫೋಟೊಗೆ ಎದ್ದು ಬಂದರಾ?

ಗಂಡಭೇರುಂಡ77:
ಇಬ್ಬರಿಗೂ ಒಂದೇ ಹೆಸರಿಟ್ಟರೆ ನಾನೇನು ಮಾಡಲಿ? ಅದರಿಂದ ಸಕ್ಕರೆ ಅಮೃತ ಆಗಿಬಿಡುತ್ತಾ?

ಬಿಳಿಕೋಟು:
ಫೋಟೊ ಬಿಡಿ. ಕೊಬ್ಬು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಚರ್ಮದಡಿಯ ಕೊಬ್ಬು ಕಣಜ ಇದ್ದಂತೆ. ತುಂಬುವವರೆಗೆ ತೊಂದರೆ ಇಲ್ಲ. ತುಂಬಿದ ಮೇಲೆ ಬಂದದ್ದು ಲಿವರ್, ಮೇದೋಜೀರಕ ಗ್ರಂಥಿ, ಕರುಳಿನ ಸುತ್ತ ಹೋಗಿ ಸೇರುತ್ತದೆ. ಆಗ ಲಿವರ್, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮಾತು ಕೇಳೋದಿಲ್ಲ. ಲಿಪೊಡಿಸ್ಟ್ರೊಫಿ ಅಂತ ಅಪರೂಪದ ಕಾಯಿಲೆ ಇದೆ. ಅದರಲ್ಲಿ ಚರ್ಮದಡಿ ಕೊಬ್ಬೇ ಇರೋದಿಲ್ಲ, ಆದರೂ ಜೋರು ಸಕ್ಕರೆ ಕಾಯಿಲೆ ಬರುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಸಕ್ಕರೆ ಕಾಯಿಲೆ ಸಂಶೋಧಕ ರಾಯ್ ಟೇಲರ್ ಪ್ರಕಾರ ಈ ಮಿತಿ ಒಬ್ಬೊಬ್ಬರಿಗೆ ಒಂದೊಂದು. ಅವರ ತಂಡದ 2017ರ ಪ್ರಯೋಗದಲ್ಲಿ ಕಡಿಮೆ ಕ್ಯಾಲೊರಿ ಆಹಾರದಿಂದ ತೂಕ ಇಳಿಸಿದ ಸಕ್ಕರೆ ಕಾಯಿಲೆಯವರ ಗುಂಪಿನಲ್ಲಿ 46% ಜನರ ಸಕ್ಕರೆ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆ ಹತೋಟಿಗೆ ಬಂದಿತ್ತು. ಹಾಗಾಗಿ 21.2% ಅನ್ನೋ ಒಂದು ಅಂಕಿ ಹೆಚ್ಚೇನೂ ಹೇಳೋದಿಲ್ಲ.

ಕಡ್ಡಿಪೈಲ್ವಾನ್:
"ಕಣಜ" ಅಂದಿರಿ, ಸಂತೋಷ. ನಮ್ಮ ಕಣಜ ಯಾಕೆ ಚಿಕ್ಕದು ಅಂತ ಹೇಳಲಿಲ್ಲ. ಯಾಜ್ಞಿಕ್ ಅದನ್ನೇ ಹುಡುಕಿದ್ದು. ಬಸಿರಿನಲ್ಲಿ ಬಿ12 ಕಡಿಮೆ ಇದ್ದು ಫೋಲೇಟ್ ಜಾಸ್ತಿ ಇದ್ದ (ಎರಡೂ ವಿಟಮಿನ್‌ಗಳೇ) ತಾಯಂದಿರ ಮಕ್ಕಳಲ್ಲಿ 6 ವರ್ಷಕ್ಕೇ ಇನ್ಸುಲಿನ್ ಪ್ರತಿರೋಧ, ಅಂದರೆ ಮೈ ಇನ್ಸುಲಿನ್ ಮಾತು ಕೇಳದಿರೋದು, ಎಲ್ಲರಿಗಿಂತ ಹೆಚ್ಚು ಕಂಡಿತು. 2008ರ ಪ್ರಬಂಧ. ಆ ಹಳ್ಳಿಗಳ ಬಹುಪಾಲು ತಾಯಂದಿರಲ್ಲಿ ಬಿ12 ಕಡಿಮೆ ಇತ್ತು. ಮಾಂಸ ಮೊಟ್ಟೆ ಅಪರೂಪ ಅನ್ನೋದೂ ಒಂದು ಕಾರಣ.

ತುಪ್ಪದನ್ನ:
ಬಂತು ನೋಡಿ! "ಮಾಂಸ ಮೊಟ್ಟೆ." ಇಷ್ಟು ಹೊತ್ತು ವಿಜ್ಞಾನ ಹೇಳಿದ್ದು ಇದನ್ನು ಹೇಳೋಕಾ? ಹಾಲು ಮೊಸರಿನಲ್ಲಿ ಬಿ12 ಇಲ್ವಾ?

ನಾಟಿಕೋಳಿ:
ಇದೆ ಸ್ವಾಮಿ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ. ದಿನಾ ಎರಡು ಲೋಟ ಗಟ್ಟಿ ಹಾಲು ಕುಡಿಯೋ ಬಸುರಿಯನ್ನು ನಮ್ಮೂರಲ್ಲಿ ತೋರಿಸಿ. ಡೇರಿಗೆ ಹಾಕಿ ಉಳಿದದ್ದು ಟೀಗೆ. ಎಲ್ಲರ ಮನೆಯಲ್ಲೂ ನಿಮ್ಮ ಮನೆಯ ತುಪ್ಪ ಸಿಗೋದಿಲ್ಲ.

ತುಪ್ಪದನ್ನ:
ನನ್ನ ಮನೆ ತುಪ್ಪದ ಸುದ್ದಿ ಬೇಡ. ಬಿ12 ಅನ್ನು ಕುರಿಯೂ ಮಾಡೋದಿಲ್ಲ, ಕೋಳಿಯೂ ಮಾಡೋದಿಲ್ಲ. ಮಾಡೋದು ಬ್ಯಾಕ್ಟೀರಿಯಾ. ಓದಿಕೊಂಡು ಬನ್ನಿ.

ನಾಟಿಕೋಳಿ:
ಸರಿ, ಬ್ಯಾಕ್ಟೀರಿಯಾ ಮಾಡುತ್ತೆ. ಕುರಿಯ ಹೊಟ್ಟೆಯೊಳಗೆ ಕೂತು. ಕುರಿಯನ್ನು ಬಿಟ್ಟು ಬರೀ ಬ್ಯಾಕ್ಟೀರಿಯಾ ತಿನ್ನೋದು ಹೇಗೆ ಅಂತ ಹೇಳಿಕೊಡಿ. 2021ರ ಡಿಸೆಂಬರ್‌ನಲ್ಲಿ ಬೀದರ್, ಯಾದಗಿರಿ, ರಾಯಚೂರು ಕಡೆ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಬೇಡ ಅಂತ ಗಲಾಟೆ ಮಾಡಿದವರು ಯಾರು? ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟರು. ಬಾಳೆಹಣ್ಣಿನಲ್ಲಿ ಬಿ12 ಸೊನ್ನೆ.

ಸೋನೆಮಳೆ:
ಮೊಟ್ಟೆ ಬೇಡ ಅಂದಿದ್ದು ಕೆಲವು ಮಠಾಧೀಶರು. ಮಕ್ಕಳು ಖುಷಿಯಾಗಿಯೇ ತಿಂದರು.

ತುಪ್ಪದನ್ನ:
"ಕೆಲವು ಮಠಾಧೀಶರು" ಅಂತ ಸುಲಭವಾಗಿ ಅನ್ನಬೇಡಿ. ಒಂದೇ ಸಾಲಿನಲ್ಲಿ ಕೂತು ಉಣ್ಣುವ ಮಕ್ಕಳಲ್ಲಿ ಭೇದ ಬೇಡ ಅನ್ನೋದು ಅವರ ಮಾತಾಗಿತ್ತು.

ನಾಟಿಕೋಳಿ:
ಸಾಲಿನಲ್ಲಿ ಭೇದ ಬೇಡ ಅಂತ ನೀವು ಹೇಳ್ತೀರಾ? ಅಬ್ಬಾ!

ಬಿಳಿಕೋಟು:
ಎಲ್ಲಿಂದ ಎಲ್ಲಿಗೆ ಬಂದೆವು. ಮೊಟ್ಟೆ ಬಿಟ್ಟು ಮೈಸೂರಿಗೆ ಬನ್ನಿ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ತಾಯಂದಿರು, ಮಕ್ಕಳ ಮೇಲೆ ನಡೆದ 'ಪಾರ್ಥೆನಾನ್' ಅನ್ನೋ ಅಧ್ಯಯನದಲ್ಲಿ 43% ಬಸುರಿಯರಿಗೆ ಬಿ12 ಕೊರತೆ ಇತ್ತು. ಅವರ ಮೈ ತೂಕವೂ ಜಾಸ್ತಿ, ಬಸಿರಿನ ಸಕ್ಕರೆ ಕಾಯಿಲೆಯೂ ಜಾಸ್ತಿ. 2009ರಲ್ಲಿ ಪ್ರಕಟವಾಗಿದೆ.

ತುಪ್ಪದನ್ನ:
ಆ ಆಸ್ಪತ್ರೆಗೆ ಹಿಂದೂ, ಮುಸ್ಲಿಂ, ಕ್ರೈಸ್ತ ತಾಯಂದಿರೆಲ್ಲ ಬರುತ್ತಾರೆ. ಅವರೆಲ್ಲ ಸಸ್ಯಾಹಾರಿಗಳಾ? ನಿಮ್ಮ ಮೈಸೂರೇ ನಿಮಗೆ ಉಲ್ಟಾ ಹೊಡೆಯಿತು.

ಮರುಪರೀಕ್ಷೆ:
ಬಿಳಿಕೋಟು ಅವರು ಬೇಕಾದ ಪುಟ ಮಾತ್ರ ತೆರೆದಿದ್ದಾರೆ. ಅದೇ ಮೈಸೂರಿನ ಮಕ್ಕಳ ಬಗ್ಗೆ 2014ರಲ್ಲಿ ಇನ್ನೊಂದು ಪ್ರಬಂಧ ಬಂತು. ತಾಯಿಯ ಫೋಲೇಟ್ ಹೆಚ್ಚಿದ್ದರೆ ಮಕ್ಕಳಲ್ಲಿ 9 ವರ್ಷ ದಾಟಿದಾಗಲೂ 13 ದಾಟಿದಾಗಲೂ ಇನ್ಸುಲಿನ್ ಪ್ರತಿರೋಧ ಹೆಚ್ಚು. ತಾಯಿಯ ಬಿ12ಗೂ ಅದಕ್ಕೂ ನಂಟು ಕಾಣಲಿಲ್ಲ. ಪುಣೆಯಲ್ಲಿ ಕಂಡದ್ದು ಮೈಸೂರಿನಲ್ಲಿ ಅರ್ಧ ಮಾತ್ರ ಕಂಡಿತು.

ನಾಟಿಕೋಳಿ:
"ಅರ್ಧ ಮಾತ್ರ" ಅಂದರೆ ಅರ್ಧ ನಿಜ ಅಂತ ಒಪ್ಪಿಕೊಂಡ ಹಾಗಾಯ್ತು.

ತುಪ್ಪದನ್ನ:
ಬಿ12 ಅರ್ಧ ಬಿದ್ದುಹೋಯ್ತು. ನಿಮ್ಮ ಕುರಿಯೂ ಅದರ ಜೊತೆಗೆ.

ಗಂಡಭೇರುಂಡ77:
ಫೋಲೇಟ್ ಅಂದರೆ ಬಸುರಿಯರಿಗೆ ಸರ್ಕಾರ ಕೊಡೋ ಮಾತ್ರೆ ತಾನೇ? ಅದನ್ನೇ ನಿಲ್ಲಿಸಬೇಕು ಅಂತ ಅರ್ಥ ಆಯ್ತಲ್ಲ.

ಬಿಳಿಕೋಟು:
ದಯವಿಟ್ಟು ಹೀಗೆಲ್ಲ ಬರೆಯಬೇಡಿ. ಫೋಲಿಕ್ ಆಸಿಡ್ ಇಲ್ಲದಿದ್ದರೆ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಅಪಾಯ ಹೆಚ್ಚುತ್ತದೆ. ಯಾಜ್ಞಿಕ್ ಕೂಡ ಮಾತ್ರೆ ನಿಲ್ಲಿಸಿ ಅಂದಿಲ್ಲ. ಬಿ12 ಕೂಡ ಸೇರಿಸಿ ಕೊಟ್ಟರೆ ಏನಾಗುತ್ತದೆ ಅಂತ ಅವರ ತಂಡ ಹರೆಯದ ಹುಡುಗ ಹುಡುಗಿಯರಿಗೆ ದಿನಕ್ಕೆ 2 ಮೈಕ್ರೋಗ್ರಾಂ ಕೊಟ್ಟು ನೋಡಿತು. ಇಲ್ಲಿ ಓದಿ ಯಾವಳಾದರೂ ಬಸುರಿ ಮಾತ್ರೆ ಬಿಟ್ಟರೆ ಯಾರು ಜವಾಬ್ದಾರಿ?

ಗಂಡಭೇರುಂಡ77:
"ಯಾವಳಾದರೂ" ಅಂತ ಬರೆಯೋದು ನಿಮ್ಮ ಸಂಸ್ಕಾರ ತೋರಿಸುತ್ತೆ ಡಾಕ್ಟ್ರೇ.

ಮರುಪರೀಕ್ಷೆ:
ಇನ್ನೂ ಒಂದು ವಿಷಯ ಯಾರೂ ಮುಟ್ಟಿಲ್ಲ. ಹೋಲ್ಡ್ಸ್‌ವರ್ತ್‌ನಲ್ಲಿ 1934ರಿಂದ ಈಚಿನ ಹೆರಿಗೆ ದಾಖಲೆಗಳು ಉಳಿದಿದ್ದವು. ಆ ಕೂಸುಗಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಹೃದಯದ ಕಾಯಿಲೆ, ಹುಟ್ಟುವಾಗ ಎರಡೂವರೆ ಕೆ.ಜಿ.ಗಿಂತ ಹೆಚ್ಚಿಲ್ಲದವರಲ್ಲಿ 11%, ಮೂರು ಕೆ.ಜಿ. ದಾಟಿದವರಲ್ಲಿ 3%. ಅಲ್ಲಿಗೆ ಕಡ್ಡಿಪೈಲ್ವಾನ್ ಗೆದ್ದರು ಅನ್ನಿ. ಆದರೆ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿದ್ದು ಹುಟ್ಟುವಾಗ ಉದ್ದ ಕಡಿಮೆ ಇದ್ದು ದುಂಡಗಿದ್ದವರಲ್ಲಿ. ಅವರ ತಾಯಂದಿರೂ ತೂಕದವರೇ. ಸಣ್ಣ ಕೂಸಿನ ಕಥೆ ಒಂದರಿಂದಲೇ ಎಲ್ಲ ಬಿಡಿಸೋಕೆ ಆಗಲ್ಲ.

ಕಡ್ಡಿಪೈಲ್ವಾನ್:
"ದುಂಡಗಿದ್ದವರು" ಅಂತ ನೀವೇ ಅಂದಿರಿ. ಉದ್ದ ಕಡಿಮೆ, ಕೊಬ್ಬು ಇದೆ. ನಾನು ಮೊದಲಿನಿಂದ ಹೇಳ್ತಿರೋದೂ ಅದೇ ಅಲ್ವಾ?

ಮರುಪರೀಕ್ಷೆ:
ಅಲ್ಲ. ನೀವು ಹೇಳಿದ್ದು 2.7 ಕೆ.ಜಿ. ಕೂಸು, ಹೊಟ್ಟೆ ಚಿಕ್ಕದು. ಇದು ದುಂಡು ಕೂಸು, ದಪ್ಪ ತಾಯಿ. ಎರಡೂ ಒಂದೇ ಅಂದರೆ ನಿಮ್ಮ ವಾದ ಯಾವತ್ತೂ ಸೋಲೋದಿಲ್ಲ ಬಿಡಿ.

ಕಡ್ಡಿಪೈಲ್ವಾನ್:
"ಸೋಲೋದಿಲ್ಲ" ಅಂದಿದ್ದಕ್ಕೆ ಥ್ಯಾಂಕ್ಸ್.

ತುಪ್ಪದನ್ನ:
ನಾಟಿಕೋಳಿಯವರು ಕುರಿ ವಿಷಯಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ನಾಟಿಕೋಳಿ:
ಊಟಕ್ಕೆ ಕೂತಿದ್ದೀನಿ. ಕುರಿಯೇ.