ತೋಟ ಕಾರ್ಮಿಕರ ಅಧ್ಯಯನಕ್ಕೆ ಜನಗಣತಿಯ ಮೈಕ್ರೋಡೇಟಾ ಸಿಗುತ್ತದೆಯೇ?

ಪ್ರಶ್ನೆ | ಲೈನ್‌ಮನೆ_ಅಧ್ಯಯನ

ಕೊಡಗಿನ ಪೊನ್ನಂಪೇಟೆ ಕಡೆಯ ಕಾಫಿ ತೋಟಗಳ ಲೈನ್‌ಮನೆ (ತೋಟದೊಳಗಿನ ಸಾಲುಮನೆ) ಕಾರ್ಮಿಕರ ಬಗ್ಗೆ ಪಿಎಚ್‌ಡಿ ಕೆಲಸ. ಹೆಸರು, ವಿಳಾಸ ತೆಗೆದು ಒಬ್ಬೊಬ್ಬರಿಗೆ ಒಂದೊಂದು ಸಾಲು ಇರುವಂಥ 2011ರ ಜನಗಣತಿ ದತ್ತಾಂಶ ಬೇಕು. ವೆಬ್‌ಸೈಟ್‌ನಲ್ಲಿ ಇರುವುದೆಲ್ಲ ಕೂಡಿಸಿಟ್ಟ ಎಕ್ಸೆಲ್ ಕೋಷ್ಟಕ. ಹಲವು ದೇಶಗಳ ಬಿಡಿ ದಾಖಲೆ ಕೊಡುವ ಐಪಮ್ಸ್ ತಾಣದಲ್ಲಿ ಭಾರತದ ಹೆಸರಿದೆ, ಅದು ಇದೇನಾ? ಇನ್ನೊಂದು: ಪಿಸಿಎ (ಜನಗಣತಿಯ ಹಳ್ಳಿವಾರು ಮೂಲ ಕೋಷ್ಟಕ) ತೆಗೆದು ನೋಡಿದರೆ ಸುತ್ತ ತೋಟವೇ ಇರುವ ಊರಲ್ಲೂ ಕೃಷಿ ಕೂಲಿಕಾರರು ಬೆರಳೆಣಿಕೆಯಷ್ಟು. ಎಣಿಕೆಯೇ ತಪ್ಪಾ? ಮತ್ತೆ, ಪೊನ್ನಂಪೇಟೆ ತಾಲ್ಲೂಕೇ ಕಾಣುತ್ತಿಲ್ಲ.

ಉತ್ತರ 1 | ಅಂಕಿಸಂಖ್ಯೆ

ಎಣಿಕೆ ತಪ್ಪಿಲ್ಲ, ನೀವು ನೋಡುತ್ತಿರುವ ಕಾಲಂ ತಪ್ಪು. ಜನಗಣತಿ ದುಡಿಯುವವರನ್ನು ನಾಲ್ಕು ಗುಂಪು ಮಾಡುತ್ತದೆ: ಸಾಗುವಳಿದಾರ, ಕೃಷಿ ಕಾರ್ಮಿಕ, ಗೃಹ ಕೈಗಾರಿಕೆ, ಇತರೆ. ಕಾಫಿ, ಟೀ, ರಬ್ಬರ್ ತೋಟದ ಆಳುಗಳು ಸೇರುವುದು ‘ಇತರೆ’ಗೆ, ಮೇಷ್ಟರು, ಅಂಗಡಿಯವರು, ಸರ್ಕಾರಿ ನೌಕರರ ಜೊತೆಗೆ. ಬೇರೆಯವರ ಗದ್ದೆ, ಹೊಲದಲ್ಲಿ ಕೂಲಿಗೆ ದುಡಿಯುವವರು ಕೃಷಿ ಕಾರ್ಮಿಕರು. ಇದು ತಿಳಿಯದೆ ‘ಕೊಡಗಿನಲ್ಲಿ ಕೃಷಿ ಬಿಟ್ಟು ಜನ ಸೇವಾ ವಲಯಕ್ಕೆ ಹೋದರು’ ಅಂತ ಬರೆದರೆ ಮುಗಿಯಿತು ಕಥೆ. ‘ಇತರೆ’ಯನ್ನು ಉದ್ಯಮವಾರು ಬಿಡಿಸಲು ಬಿ ಸರಣಿಯ ಕೋಷ್ಟಕಗಳಿಗೆ ಹೋಗಿ. ಹಳ್ಳಿ ಮಟ್ಟದಲ್ಲಿ ಆ ವಿಂಗಡಣೆ ಇಲ್ಲ.

ತಾಲ್ಲೂಕಿನ ವಿಷಯ ಸುಲಭ. 2011ರಲ್ಲಿ ಕೊಡಗು ಜಿಲ್ಲೆಗೆ ಮೂರೇ ತಾಲ್ಲೂಕು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಪೊನ್ನಂಪೇಟೆಯ ಹಳ್ಳಿಗಳನ್ನು ವಿರಾಜಪೇಟೆಯ ಪಟ್ಟಿಯಿಂದ ಕೋಡ್ ಹಿಡಿದು ಹೆಕ್ಕಿಕೊಳ್ಳಿ. ಹೆಸರು ನಂಬಬೇಡಿ, ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದು ಫೈಲಿನಲ್ಲಿ ಒಂದೊಂದು ಥರ.

ಉತ್ತರ 2 | ಸ್ಯಾಂಪಲ್_ಸೀತಾಳೆ

ಐಪಮ್ಸ್‌ನಲ್ಲಿರುವ ಭಾರತ ಜನಗಣತಿಯಲ್ಲ. 1983ರಿಂದ 2009ರವರೆಗಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) ಉದ್ಯೋಗ ಸಮೀಕ್ಷೆಗಳು ಅವು. ಬಹಳ ಜನ ಅಲ್ಲೇ ಜಾರುತ್ತಾರೆ.

ಜನಗಣತಿ ಶೆಡ್ಯೂಲು (ಮನೆಮನೆಯಲ್ಲಿ ತುಂಬಿದ ನಮೂನೆ) ಯಾರಿಗೂ ತೋರಿಸುವಂತಿಲ್ಲ, 1948ರ ಜನಗಣತಿ ಕಾಯ್ದೆಯ 15ನೇ ಕಲಂ ಅದನ್ನು ಕಟ್ಟಿಹಾಕಿದೆ. ಆರ್‌ಟಿಐ ಹಾಕಿ ಕಾಲ ಕಳೆಯಬೇಡಿ. ಇರುವ ದಾರಿ ಅಂದರೆ ವಿಶ್ವವಿದ್ಯಾಲಯಗಳಲ್ಲಿ ತೆರೆದಿರುವ ಜನಗಣತಿ ವರ್ಕ್‌ಸ್ಟೇಷನ್. ದೆಹಲಿಯ ಜೆಎನ್‌ಯುನಲ್ಲಿ ಒಂದಿದೆ. ಗುರುತು ತೆಗೆದ ಮಾದರಿ ಕಡತದ ಮೇಲೆ ಅಲ್ಲೇ ಕೂತು ಕೆಲಸ ಮಾಡಬೇಕು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರುವ ಮಾತಿಲ್ಲ. ಹೊರಡುವ ಮೊದಲೇ ಖಾಲಿ ಕೋಷ್ಟಕಗಳ ನಕ್ಷೆ ಕಾಗದದ ಮೇಲೆ ಸಿದ್ಧವಿರಲಿ: ಅಡ್ಡಸಾಲಿಗೆ ಏನು, ಉದ್ದಸಾಲಿಗೆ ಏನು, ಯಾವ ವಯಸ್ಸಿನ ಗುಂಪು. ಆದರೆ ಪೊನ್ನಂಪೇಟೆಯಷ್ಟು ಸಣ್ಣ ಜಾಗದ ಉತ್ತರ ಅದರಿಂದ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಮನೆಯಲ್ಲೇ ಕೂತು ಬಿಡಿ ದಾಖಲೆ ಬೇಕಾದರೆ ಪಿಎಲ್‌ಎಫ್‌ಎಸ್, ಅಂದರೆ ಕೇಂದ್ರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ. ಅಂಕಿಅಂಶ ಸಚಿವಾಲಯದ ಮೈಕ್ರೋಡೇಟಾ ಪೋರ್ಟಲ್‌ನಲ್ಲಿ ನೋಂದಾಯಿಸಿ, ಉದ್ದೇಶ ಬರೆದು, ಪುಕ್ಕಟೆ ಇಳಿಸಿಕೊಳ್ಳಬಹುದು. 2020-21ರ ಸುತ್ತಿನಲ್ಲಿ ವಲಸೆಯ ಪ್ರಶ್ನೆಗಳೂ ಇವೆ. ಕಾಫಿಯವರನ್ನು ಹೆಕ್ಕಲು ಉದ್ಯಮಗಳ ಕೋಡ್ ಪಟ್ಟಿಯಾದ ಎನ್‌ಐಸಿ-2008ರ 0127 (ಪಾನೀಯ ಬೆಳೆಗಳು) ಹಿಡಿಯಿರಿ, ಕಾಳುಮೆಣಸಿನವರು 0128ರಲ್ಲಿ. ಕೋಡನ್ನು ಸಂಖ್ಯೆಯಾಗಿ ಅಲ್ಲ, ಅಕ್ಷರರೂಪದಲ್ಲೇ ಓದಿಸಿ, ಇಲ್ಲದಿದ್ದರೆ ಮುಂದಿನ ಸೊನ್ನೆ ಹಾರಿ 127 ಆಗುತ್ತದೆ. ಅಲ್ಲಿನ ಜಿಲ್ಲಾ ಕೋಡು ಎರಡಂಕಿಯದು, ಜನಗಣತಿಯಲ್ಲಿ ಕೊಡಗಿನ ಕೋಡಾದ 576ಕ್ಕೆ ಅದನ್ನು ನೇರ ಜೋಡಿಸಬೇಡಿ.

ತೂಕದ (ಒಂದು ಸಾಲು ಎಷ್ಟು ಜನರಿಗೆ ಸಮ ಎನ್ನುವ) ಲೆಕ್ಕ, 2023-24ರವರೆಗಿನ ಕಡತಗಳಿಗೆ: ಎನ್‌ಎಸ್‌ಎಸ್ (ಇಲ್ಲಿ ಕಾಲಂನ ಹೆಸರು, ಸಮೀಕ್ಷೆಯದಲ್ಲ), ಎನ್‌ಎಸ್‌ಸಿ ಎರಡೂ ಕಾಲಂ ಸಮವಿದ್ದರೆ ಕಡತದಲ್ಲಿರುವ ಮಲ್ಟಿಪ್ಲೈಯರನ್ನು 100ರಿಂದ ಭಾಗಿಸಿ, ಬೇರೆಯಿದ್ದರೆ 200ರಿಂದ. ನಾಲ್ಕು ತ್ರೈಮಾಸಿಕ ಕೂಡಿಸಿದ್ದರೆ ಮತ್ತೆ 4ರಿಂದ. ಇದು ಮರೆತರೆ ಕರ್ನಾಟಕದ ಜನಸಂಖ್ಯೆ ಕೋಟಿಗಟ್ಟಲೆ ಹೆಚ್ಚು ಬರುತ್ತದೆ, ಹಾಗಾಗಿ ಮೊದಲು ಒಟ್ಟು ಕೂಡಿಸಿ ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಧನ್ಯವಾದ ಮೇಡಂ. ಪಿಎಲ್‌ಎಫ್‌ಎಸ್‌ನಿಂದ ಕೊಡಗಿನ ಸಾಲುಗಳನ್ನಷ್ಟೇ ತೆಗೆದು ಶೇಕಡಾವಾರು ಹಾಕಬಹುದಾ?

ಉತ್ತರ 3 | ಸ್ಯಾಂಪಲ್_ಸೀತಾಳೆ

ಹಾಕಬಹುದು, ನಂಬುವ ಹಾಗಿರುವುದಿಲ್ಲ. 2011ರಲ್ಲಿ ರಾಜ್ಯದ 6.11 ಕೋಟಿ ಜನರಲ್ಲಿ ಕೊಡಗು 5,54,519, ಅಂದರೆ ಶೇ 1ಕ್ಕೂ ಕಡಿಮೆ. ಹಳೆಯ ವಿನ್ಯಾಸದಲ್ಲಿ ಒಂದು ಹಳ್ಳಿ ಅಥವಾ ಪಟ್ಟಣದ ಬ್ಲಾಕಿಗೆ 8 ಮನೆ. ಹತ್ತು ಬ್ಲಾಕು ಬಿದ್ದಿದೆ ಅಂದುಕೊಳ್ಳಿ, 80 ಮನೆ. ಅದರಲ್ಲಿ ಶೇ 30 ಮನೆ ತೋಟ ಕಾರ್ಮಿಕರದ್ದು ಅಂತ ಕಂಡರೆ, ಗುಂಪು ಮಾದರಿಯ ಪರಿಣಾಮ (ಅಕ್ಕಪಕ್ಕದ ಮನೆಗಳು ಒಂದೇ ಥರ ಇರುವುದರಿಂದ ಹೆಚ್ಚುವ ಅನಿಶ್ಚಿತತೆ) 2 ಅಂತ ಹಿಡಿದಾಗ ನಿಜ ಉತ್ತರ ಶೇ 16ರಿಂದ 44ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅದರ ಬದಲು ಎನ್‌ಎಸ್‌ಎಸ್‌ನ ‘ಒಳನಾಡು ಪೂರ್ವ’ ಪ್ರದೇಶ ತೆಗೆದುಕೊಳ್ಳಿ: ಕೊಡಗು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ. ಕಾಫಿಯ ಮೂರೂ ಜಿಲ್ಲೆ ಒಂದೇ ಕಡೆ ಸಿಗುತ್ತವೆ. ಜನವರಿ 2025ರಿಂದ ಜಿಲ್ಲೆಯನ್ನೇ ಸ್ತರವಾಗಿಟ್ಟು (ಮಾದರಿ ಆರಿಸುವ ಮೂಲ ವಿಭಾಗವಾಗಿಟ್ಟು) ಪ್ರತಿ ಹಳ್ಳಿ ಅಥವಾ ಬ್ಲಾಕಿಗೆ 12 ಮನೆ ಮಾಡಿದ್ದಾರೆ, ಅದೂ ಒಂದು ವರ್ಷದ್ದು ಸಣ್ಣದೇ.

ಉತ್ತರ 4 | ಅಂಕಿಸಂಖ್ಯೆ

ಒಂದು ಮಾತು ಸೇರಿಸುತ್ತೇನೆ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28, ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಅಷ್ಟೂ ದಿನ ಲೈನಿನಲ್ಲಿ ಉಳಿದಿದ್ದ ಹೊರಗಿನ ಆಳು ಕೊಡಗಿನ ಲೆಕ್ಕಕ್ಕೇ ಬರುತ್ತಾನೆ. ಪಿಎಲ್‌ಎಫ್‌ಎಸ್‌ನಲ್ಲಿ ಆರು ತಿಂಗಳ ವಾಸದ ನಿಯಮ, ಎರಡು ತಿಂಗಳಿಗೆಂದು ಕೊಯ್ಲಿಗೆ ಬಂದವರು ಇಲ್ಲಿ ಸಿಗುವುದಿಲ್ಲ. ಎರಡರ ಅಂಕಿ ತಾಳೆಯಾಗಲಿಲ್ಲ ಅಂತ ಸರಿಪಡಿಸಲು ಕೂರಬೇಡಿ, ಎರಡರಲ್ಲೂ ಎಣಿಕೆಗೆ ಸಿಕ್ಕ ಜನರೇ ಬೇರೆ. ಮುಂದಿನ ಗಣತಿಯ ಉಲ್ಲೇಖ ದಿನ (ಜನಸಂಖ್ಯೆ ಲೆಕ್ಕಕ್ಕೆ ಹಿಡಿಯುವ ದಿನ) 2027ರ ಮಾರ್ಚ್ 1. ನಿಮ್ಮ ಸ್ವಂತ ಸರ್ವೆಯನ್ನು ಆ ಫೆಬ್ರವರಿಗೇ ಇಟ್ಟುಕೊಂಡರೆ ಹೋಲಿಕೆಗೆ ಸರಿಹೋಗುತ್ತದೆ.