ಪದಚರ್ಚೆ: ‘ಆಕರಕೋಶ ಚಿಕಿತ್ಸೆ’ ಸರಿಯೇ?

ಪ್ರಶ್ನೆ: ಮಿದುಳಿನಲ್ಲಿ ರಕ್ತಸ್ರಾವವಾದವರ ಚೇತರಿಕೆಗೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಜೀವಕೋಶ) ಬಳಸುವ ಬಗೆಗಿನ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾಂಡಕೋಶ, ಆಕರಕೋಶ, ಮೂಲಕೋಶ ಇವುಗಳಲ್ಲಿ ಯಾವುದು ಸರಿ? ರಕ್ತ ‘ಹೆಪ್ಪುಗಟ್ಟಿದೆ’ ಎಂದಷ್ಟೇ ಬರೆದರೆ ಸಾಕೇ?

ಉತ್ತರ 1: ‘ಕಾಂಡಕೋಶ’ ಬೇಡ, ಗಿಡದ ಕಾಂಡ ನೆನಪಾಗುತ್ತದೆ. 1868ರಲ್ಲಿ ಜರ್ಮನಿಯ ಜೀವವಿಜ್ಞಾನಿ ಹೆಕೆಲ್ ‘ಸ್ಟೆಮ್ ಸೆಲ್’ಗೆ ಮೂಲವಾದ ಜರ್ಮನ್ ಪದ ಬಳಸಿದಾಗ ಅವರ ಮನಸ್ಸಿನಲ್ಲಿದ್ದದ್ದು ವಂಶವೃಕ್ಷದ ಬೊಡ್ಡೆ. ಹಾಗಾಗಿ ‘ಮೂಲಕೋಶ’ ಹತ್ತಿರ. ತೆಲುಗರೂ ‘ಮೂಲಕಣ’ ಎನ್ನುತ್ತಾರೆ. ‘ಆಕರಕೋಶ’ ಬಳಕೆಯಲ್ಲಿದೆ ನಿಜ, ಆದರೆ ಆಕರಗ್ರಂಥ, ಪದಕೋಶಗಳ ನಡುವೆ ಬದುಕುವ ನಮ್ಮಂಥವರಿಗೆ ಅದೂ ಒಂದು ನಿಘಂಟಿನ ಹೆಸರಿನಂತೆ ಕೇಳುತ್ತದೆ!

‘ಹೆಪ್ಪುಗಟ್ಟಿದೆ’ ಎಂದಷ್ಟೇ ಬರೆದರೆ ಸಾಲದು. ನಾಳದೊಳಗೇ ಹೆಪ್ಪುಗಟ್ಟಿ ರಕ್ತದ ಹರಿವು ನಿಲ್ಲುವುದು ಬೇರೆ, ನಾಳ ಒಡೆದು ಹೊರಚೆಲ್ಲಿದ ರಕ್ತ ಹೆಪ್ಪುಗಟ್ಟುವುದು ಬೇರೆ. ಮೊದಲನೆಯದಕ್ಕೆ ನಾಲ್ಕೂವರೆ ಗಂಟೆಯೊಳಗೆ ಕೊಡುವ ಹೆಪ್ಪು ಕರಗಿಸುವ ಮದ್ದು ಎರಡನೆಯದರಲ್ಲಿ ಜೀವಕ್ಕೇ ಎರವಾದೀತು. ಅದಕ್ಕೇ ಮೊದಲು ಸಿ.ಟಿ. ಸ್ಕ್ಯಾನ್, ಹೊಸದಾಗಿ ಚೆಲ್ಲಿದ ರಕ್ತ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ನಾಳದೊಳಗಿನದಕ್ಕೆ ‘ಗರಣೆ’, ಹೊರಗೆ ಚೆಲ್ಲಿದ್ದಕ್ಕೆ ‘ರಕ್ತದ ಮಡು’ ಎನ್ನಬಹುದು.

ನೀವು ಕೇಳದೇ ಬಿಟ್ಟ ಪದದಲ್ಲೇ ದೊಡ್ಡ ತೊಡಕಿದೆ: ‘ಚಿಕಿತ್ಸೆ’. 2007ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಹೊರತಂದ ಸ್ಟೆಮ್ ಸೆಲ್ ಮಾರ್ಗಸೂಚಿಯ ಹೆಸರಿನಲ್ಲಿ ‘ಸಂಶೋಧನೆ ಮತ್ತು ಚಿಕಿತ್ಸೆ’ ಎಂದಿತ್ತು. 2013ರಲ್ಲಿ ‘ಚಿಕಿತ್ಸೆ’ಯನ್ನು ಬೇಕೆಂದೇ ತೆಗೆದರು. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥವನ್ನು ಬಿಟ್ಟರೆ ಮಿಕ್ಕ ಬಹುಪಾಲು ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಮಿದುಳಿನ ರಕ್ತಸ್ರಾವದ್ದೂ ಅಷ್ಟೇ. ‘ಪ್ರಾಯೋಗಿಕ ಚಿಕಿತ್ಸೆ’ ಎಂದರೂ ಕೆಲಸ ಕೆಡುತ್ತದೆ, ‘ಪ್ರಾಯೋಗಿಕ’ಕ್ಕೆ ಕಾರ್ಯಸಾಧ್ಯ ಎಂಬ ಅರ್ಥವೂ ಇದೆಯಲ್ಲ. ‘ಪರೀಕ್ಷೆಯಲ್ಲಿರುವ ಮೂಲಕೋಶ ವಿಧಾನ’ ಎನ್ನಿ, ಉದ್ದವಾದರೂ ಚಿಂತೆಯಿಲ್ಲ.

‘ಸತ್ತ ನರಕೋಶಗಳ ಜಾಗದಲ್ಲಿ ಹೊಸವು ಬೆಳೆಯುತ್ತವೆ’ ಎಂಬ ಸಾಲಿದ್ದರೆ ಮೂಲವನ್ನು ಮತ್ತೊಮ್ಮೆ ನೋಡಿ. ಅಸ್ಥಿಮಜ್ಜೆಯಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಮೀಸೆಂಕೈಮಲ್ ಕೋಶಗಳನ್ನು (ಒಂದು ಬಗೆಯ ಮೂಲಕೋಶ) ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಅವು ಸ್ರವಿಸುವ ವಸ್ತುಗಳು ಉರಿಯೂತ ತಗ್ಗಿಸುತ್ತವೆ ಎಂಬುದೇ ಇಲ್ಲಿನ ಮುಖ್ಯ ನಿರೀಕ್ಷೆ. ಆದ್ದರಿಂದ ‘ಕಸಿ’ ಎನ್ನುವುದೂ ಹೊಂದದು.

ಉತ್ತರ 2: ಮಿದುಳಿನ ರಕ್ತಸ್ರಾವಕ್ಕೆ ‘ಪಾರ್ಶ್ವವಾಯು’ ಎಂದು ಬರೆಯುವ ಬಗ್ಗೆಯೂ ಎಚ್ಚರವಿರಲಿ. ಅದು ಒಂದು ಮಗ್ಗುಲು ಸ್ವಾಧೀನ ತಪ್ಪುವುದರ ಹೆಸರು. ಮಿದುಳಿನ ಹೊದಿಕೆಗಳ ನಡುವೆ ರಕ್ತಸ್ರಾವವಾದಾಗ ಸಿಡಿಲು ಹೊಡೆದಂಥ ತಲೆನೋವಷ್ಟೇ ಬಂದು, ಕೈಕಾಲು ಸರಿಯಾಗಿಯೇ ಇರಬಹುದು.